ಕರೆಂಟ್ ಬಸ್ಸು ಬಂತು ಸರಿ, ಅದರಲ್ಲಿ ನಮ್ಮ ಪಾಲೆಷ್ಟು?



ಪೋಸ್ಟ್ ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ. ನಾನೂ ಅರ್ಧ ಬಸ್ಸಲ್ಲೇ ಬರೆದಿದ್ದು.

ಹೋದ ವಾರ ಆಫೀಸಿನ ಕೆಲಸದ ಮೇಲೆ ಒಂದು ವಿಚಾರ ಸಂಕಿರಣಕ್ಕೆ ಹೋಗಬೇಕಾಯ್ತು. ವಿಷಯ, ಬೆಂಗಳೂರಿಗೆ ಹಸಿರು ಸಾರಿಗೆ ಮತ್ತು ಅದರಿಂದ ಸ್ಥಳೀಯರಿಗೆ ಆದಾಯ. ನಾನು ಭಾಷಣಕ್ಕೆ ಹೋದವನಲ್ಲ. ಗುಮಾಸ್ತ ಅಲ್ವಾ, ಬಾಗಿಲಲ್ಲಿ ಮೇಜು ಹಾಕ್ಕೊಂಡು ಬಂದವರ ಸಹಿ ತಗೊಳ್ಳೋದು, ಬ್ಯಾಗು ಪೆನ್ನು ಹಂಚೋದು, ಊಟದ ಕೂಪನ್ ಲೆಕ್ಕ ಇಡೋದು ನನ್ನ ಕೆಲಸ. ಬಂದವರೆಲ್ಲ ಸಹಿ ಹಾಕಿ ಒಳಗೆ ಹೋದ ಮೇಲೆ ನಾನೂ ಹಿಂದಿನ ಸಾಲಲ್ಲಿ ಕೂತೆ.

ಭಾಷಣಗಳು ಚೆನ್ನಾಗಿದ್ವು, ಸುಳ್ಳು ಹೇಳಲ್ಲ. ಎಲೆಕ್ಟ್ರಿಕ್ ಬಸ್ಸಿಂದ ಹೊಗೆ ಎಷ್ಟು ಕಮ್ಮಿ ಆಗುತ್ತೆ, ಚಾರ್ಜಿಂಗ್ ಎಲ್ಲೆಲ್ಲಿ ಮಾಡಬೇಕು, ಸೈಕಲ್ ದಾರಿ ಹೇಗಿರಬೇಕು ಎಂದೆಲ್ಲ ಹೇಳಿದರು. ಪ್ರತಿಯೊಬ್ಬರ ಕೊನೆ ಸ್ಲೈಡಿನಲ್ಲೂ ಒಂದು ಸಾಲು ಇತ್ತು: ಇದರಿಂದ ಸ್ಥಳೀಯ ಸಮುದಾಯಗಳಿಗೆ ಉದ್ಯೋಗ. ಯಾವ ಸಮುದಾಯ, ಎಂಥ ಉದ್ಯೋಗ, ಎಷ್ಟು ಸಂಬಳ ಅಂತ ಒಬ್ಬರೂ ಹೇಳಲಿಲ್ಲ. ಪ್ರಶ್ನೆ ಕೇಳಬಹುದು ಅಂದಾಗ ನಾನು ಎದ್ದು ನಿಂತೆ.

'ಸಾರ್, ಈ ಎಲೆಕ್ಟ್ರಿಕ್ ಬಸ್ಸಿನ ಡ್ರೈವರ್ ಕೆಲಸಕ್ಕೆ ರೋಸ್ಟರ್ ಇದೆಯಾ?'

ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮೆತ್ತಗೆ, 'ಒಳ್ಳೇ ಪ್ರಶ್ನೆ, ಆದ್ರೆ ಇವತ್ತಿನ ವಿಷಯ ಪರಿಸರ' ಅಂದರು. ಮೈಕು ಮುಂದಿನವರಿಗೆ ಹೋಯ್ತು. ಊಟದ ಹೊತ್ತಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, 'ನೀನು ಎಲ್ಲಿಗೆ ಹೋದ್ರೂ ಜಾತಿ ತರ್ತೀಯಲ್ಲಪ್ಪ' ಅಂದರು.

ನಾನು ತಂದಿದ್ದಲ್ಲ ಸಾರ್. ನಾನು ಬಸ್ ಹತ್ತೋ ಮುಂಚೆನೇ ಅದು ಹತ್ತಿ ಸೀಟು ಹಿಡಿದಿರುತ್ತೆ. ಅಲ್ಲಿ ಎರಡು ನಿಮಿಷ ಸಿಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಗಾಡಿಗೂ ಜಾತಿಗೂ ಏನು ಸಂಬಂಧ ಅನ್ನುವವರಿಗೆ ಬಾಬಾಸಾಹೇಬರ ಬದುಕಿನ ಒಂದು ಘಟನೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. 1929. ಆಗ ಅವರು ಬ್ಯಾರಿಸ್ಟರ್. ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸೋಕೆ ಬಾಂಬೆ ಸರ್ಕಾರ ಮಾಡಿದ್ದ ಸಮಿತಿಯ ಸದಸ್ಯರು. ಧುಳೆಯಿಂದ ವಾಪಸ್ ಬರುವಾಗ ಚಾಳೀಸ್‌ಗಾಂವ್‌ನಲ್ಲಿ ಇಳಿದರು. ಅಲ್ಲಿನ ಮಹಾರರು ಒಂದು ರಾತ್ರಿ ನಮ್ಮಲ್ಲಿ ಇದ್ದು ಹೋಗಿ ಅಂತ ಕೇಳಿಕೊಂಡಿದ್ದರು. ಕೇರಿಗೆ ಹೋಗೋಕೆ ಟಾಂಗಾ ಬೇಕು. ಒಬ್ಬ ಟಾಂಗಾವಾಲಾನೂ ಬರಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯೋದು ಅವರಿಗೆ ಅವಮಾನ. ಕೊನೆಗೆ ಗಾಡಿಯನ್ನು ಬಾಡಿಗೆಗೆ ಕೊಟ್ಟರು, ಹೊಡೆಯೋಕೆ ಮಾತ್ರ ಒಲ್ಲೆ ಅಂದರು. ಅತಿಥಿ ನಡೆದುಕೊಂಡು ಬಂದರೆ ಮರ್ಯಾದೆ ಹೋಗುತ್ತೆ ಅಂತ ನಮ್ಮವರಲ್ಲೇ ಒಬ್ಬ ಲಗಾಮು ಹಿಡಿದ. ಪಾಪ, ಅವನಿಗೆ ಟಾಂಗಾ ಹೊಡೆದು ಗೊತ್ತೇ ಇಲ್ಲ. ಸೇತುವೆ ಹತ್ತಿರ ಚಕ್ರ ಕಲ್ಲಿಗೆ ಬಡಿದು ಬಾಬಾಸಾಹೇಬರು ಕೆಳಗೆ ಬಿದ್ದರು, ಕಾಲು ಮುರಿಯಿತು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು.

ಈ ಕಥೆಯನ್ನು ನಾವು ಅಸ್ಪೃಶ್ಯತೆಯ ಉದಾಹರಣೆ ಅಂತ ಭಾಷಣದಲ್ಲಿ ಹೇಳ್ತೀವಿ. ನನಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತೆ. ಗಾಡಿ ಅವರದು. ಕುದುರೆ ಅವರದು. ಕಲಿತ ಕೈಯೂ ಅವರದು. ನಮ್ಮವರ ಹತ್ರ ಇದ್ದದ್ದು ಬಾಡಿಗೆ ದುಡ್ಡು ಮಾತ್ರ. ಗಾಡಿಯೂ ಇಲ್ಲ, ಗಾಡಿ ಹೊಡೆಯೋ ವಿದ್ಯೆಯೂ ಇಲ್ಲ ಅಂದ್ರೆ ಕಾಲು ಮುರಿಯೋದು ನಮ್ಮವರದೇ. ಇವತ್ತು ಬೆಂಗಳೂರಲ್ಲಿ ಹಸಿರು ಅನ್ನೋ ಹೆಸರಲ್ಲಿ ಆಗ್ತಿರೋದು ಇದೇ.

ನನ್ನ ಮನೆ ಕಥೆ ಹೇಳ್ತೀನಿ. ನನ್ನ ಸೋದರಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಮೀಸಲಾತಿಯಲ್ಲಿ ಬಂದ ಕೆಲಸ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಮನೆ ಅದು. ಖಾಕಿ ಶರ್ಟು ಹಾಕ್ಕೊಂಡು, ಚರ್ಮದ ಬ್ಯಾಗು ನೇತು ಹಾಕ್ಕೊಂಡು ಮಾವ ಊರಿಗೆ ಬಂದರೆ ನಾವು ಹುಡುಗರು ಹಿಂದೆ ಓಡ್ತಿದ್ವಿ. ಯಾವ ಗೌಡರು ತಮ್ಮ ಜಗುಲಿ ಮೇಲೆ ಮಾವನನ್ನು ಹತ್ತಿಸುತ್ತಿರಲಿಲ್ಲವೋ, ಅದೇ ಗೌಡರು ಬಸ್ಸಲ್ಲಿ ಮಾವನ ಮುಂದೆ ಕೈ ಚಾಚಿ ಟಿಕೆಟ್ ತಗೊಳ್ತಿದ್ದರು. ಚಿಲ್ಲರೆ ಇಲ್ಲ ಅಂದ್ರೆ ಮಾವ ಗದರುತ್ತಿದ್ದರು ಕೂಡ. ಡಿಪೋದಲ್ಲಿ ಮಾವನಿಗೆ ಎಲ್ಲವೂ ಸುಖವಾಗೇನೂ ಇರಲಿಲ್ಲ. ಊಟದ ಹೊತ್ತಲ್ಲಿ ಯಾರು ಎಲ್ಲಿ ಕೂರ್ತಾರೆ ಅನ್ನೋದು ಅಲ್ಲೂ ಇತ್ತು. ಆದರೂ ಒಂದನೇ ತಾರೀಕು ಸಂಬಳ, ಪಿಎಫ್, ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು, ಬೀಳ್ಕೊಡುಗೆ ದಿನ ಒಂದು ಗಂಟು. ಆ ಸಂಬಳದಲ್ಲಿ ನಮ್ಮ ಅಮ್ಮನಿಗೆ ಒಂದಷ್ಟು, ನನ್ನ ಹಾಸ್ಟೆಲ್ಲಿನ ಮೇಲ್ಖರ್ಚಿಗೆ ಒಂದಷ್ಟು ಬರ್ತಿತ್ತು. ನಾನು ಬಿಎ ಮುಗಿಸಿದ್ದು, ಇವತ್ತು ಕೂತು ಈ ನಾಲ್ಕು ಅಕ್ಷರ ಬರೀತಿರೋದು ಆ ಒಂದು ನೌಕರಿಯಿಂದ.

ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರುವಾಯ್ತು. ಆವತ್ತಿಂದ ಇವತ್ತಿನವರೆಗೆ ಆ ಬಸ್ಸು ಬರೀ ಜನರನ್ನು ಹೊತ್ತಿಲ್ಲ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್, ಡಿಪೋ ಗುಮಾಸ್ತ ಅಂತ ಎಷ್ಟೋ ಕೇರಿಗಳ ಮೊದಲ ತಲೆಮಾರಿನ ಸಂಬಳಗಾರರನ್ನು ಹೊತ್ತು ತಂದಿದೆ. ನಿಮ್ಮ ಕೇರಿಯಲ್ಲೂ ಒಬ್ಬರು ಇದ್ದೇ ಇರ್ತಾರೆ, ನೆನಪು ಮಾಡಿಕೊಳ್ಳಿ.

ಈಗ ಹೊಸ ಬಸ್ಸಿಗೆ ಬರೋಣ.

ಬಿಎಂಟಿಸಿಯಲ್ಲಿ ಓಡ್ತಿರೋ ಎಲೆಕ್ಟ್ರಿಕ್ ಬಸ್ಸುಗಳು ಬಿಎಂಟಿಸಿಯವು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಬಸ್ಸು ಕಂಪನಿಯದ್ದು. ಡ್ರೈವರ್ ಕಂಪನಿಯವನು. ರಿಪೇರಿ ಕಂಪನಿಯದ್ದು. ಡಿಪೋ ಜಾಗ ಮಾತ್ರ ನಮ್ಮದು, ಅಂದ್ರೆ ಸಾರ್ವಜನಿಕರದ್ದು. ಕಂಡಕ್ಟರ್ ಬಿಎಂಟಿಸಿಯವರು. ಬಸ್ಸು ಎಷ್ಟು ಕಿಲೋಮೀಟರ್ ಓಡಿತೋ ಅಷ್ಟಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಬಿಎಂಟಿಸಿ ಕಂಪನಿಗೆ ಕೊಡಬೇಕು. ಬಸ್ಸಲ್ಲಿ ನಲವತ್ತು ಜನ ಇರಲಿ, ನಾಲ್ಕು ಜನ ಇರಲಿ, ಕಂಪನಿಗೆ ಬರೋದು ಬರುತ್ತೆ. ನಷ್ಟ ಆದ್ರೆ ಸಂಸ್ಥೆಗೆ. ಒಪ್ಪಂದ 12 ವರ್ಷದ್ದು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಇನ್ನೂ 4,500 ಬಸ್ಸು ಅಂತ ಕೇಂದ್ರ ಹೇಳಿದೆ. ಅವೂ ಇದೇ ಲೆಕ್ಕದಲ್ಲಿ.

ಒಂದೇ ಬಸ್ಸಿನ ಒಳಗೆ ನೋಡಿ. ಹಿಂದೆ ಟಿಕೆಟ್ ಕೊಡ್ತಿರೋ ಕಂಡಕ್ಟರ್ ರೋಸ್ಟರಿನಲ್ಲಿ ಬಂದವರು. ಮುಂದೆ ಸ್ಟೀರಿಂಗ್ ಹಿಡಿದಿರೋ ಡ್ರೈವರಿಗೆ ರೋಸ್ಟರ್ ಇಲ್ಲ, ಸೇವಾ ಭದ್ರತೆ ಇಲ್ಲ, ನಾಳೆ ಬರಬೇಡ ಅಂದ್ರೆ ಕೇಳೋರಿಲ್ಲ. ಬಸ್ಸಿನ ಹಿಂಬಾಗಿಲಿಂದ ಮುಂಬಾಗಿಲಿಗೆ ಬರೋದರೊಳಗೆ ಸಂವಿಧಾನ ಇಳಿದು ಹೋಗಿರುತ್ತೆ. ಮೂರು ನಾಲ್ಕು ಸಾವಿರ ಬಸ್ಸು ಹೀಗೆ ಬಂದರೆ ಬಸ್ಸಿಗೆ ಎರಡು ಪಾಳಿ ಡ್ರೈವರ್ ಅಂತ ಲೆಕ್ಕ ಹಾಕಿ. ಅದರ ಮೇಲೆ ಮೆಕ್ಯಾನಿಕ್ಕುಗಳು. ಅಷ್ಟೂ ಕೆಲಸದಲ್ಲಿ ನಮ್ಮ ಶೇಕಡಾ 17 ಎಲ್ಲಿ, ಎಸ್‌ಟಿ ಬಂಧುಗಳ ಶೇಕಡಾ 7 ಎಲ್ಲಿ? ಮೀಸಲಾತಿ ಏರಿಸಿದ್ದೀವಿ ಅಂತ 2022ರಲ್ಲಿ ಪಟಾಕಿ ಹೊಡೆದರು. ಇತ್ತ ಕೆಲಸಗಳೇ ಮೀಸಲಾತಿ ಇಲ್ಲದ ಕಡೆಗೆ ಜಾರುತ್ತಿವೆ.

ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ, ಕೆಲಸ ಹೋಗುತ್ತೆ. ಹೆವಿ ಲೈಸೆನ್ಸ್ ಮಾಡಿಸೋಕೆ ಅವನ ತಾಯಿ ಸಂಘದಲ್ಲಿ ಸಾಲ ತಗೊಂಡರು. ಇಂಥದ್ದೇ ಒಂದು ಗುತ್ತಿಗೆಯಲ್ಲಿ ಎಲೆಕ್ಟ್ರಿಕ್ ಬಸ್ ಓಡಿಸ್ತಾನೆ. ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟರೆ ಬರೋದು ಮಧ್ಯಾಹ್ನ ಕಳೆದು. ಕೈಗೆ ಸಿಗೋದು ಹದಿನೆಂಟು ಸಾವಿರ ಚಿಲ್ಲರೆ, ಅದೂ ಒಂದು ತಿಂಗಳು ಹತ್ತನೇ ತಾರೀಕು, ಇನ್ನೊಂದು ತಿಂಗಳು ಹದಿನೈದು. ಬಸ್ಸಿಗೆ ಒಂದು ಗೀರು ಬಿದ್ದರೆ ಸಂಬಳದಲ್ಲಿ ಕಟ್. 'ಅಣ್ಣ, ಗೇಟ್ ಮುಂದೆ ನಿಂತು ಜೋರಾಗಿ ಮಾತಾಡಿದ್ರೆ ಮಾರನೇ ದಿನ ಡ್ಯೂಟಿ ಲಿಸ್ಟಲ್ಲಿ ಹೆಸರೇ ಇರಲ್ಲ' ಅಂದ. ಅವನಿಗೆ ಹೊಗೆ ಬಿಡದ ಬಸ್ಸು ಓಡಿಸ್ತೀನಿ ಅನ್ನೋ ಹೆಮ್ಮೆ ಇದೆ, ಅದನ್ನೂ ಹೇಳಬೇಕು. 'ಸಂಜೆ ಹೊತ್ತಿಗೆ ಎದೆ ಉರಿಯಲ್ಲ, ಕಿವಿ ಗುಂಯ್ ಅನ್ನಲ್ಲ' ಅಂತಾನೆ. ನನ್ನ ಮಾವನ ಜೊತೆ ದುಡಿದ ಡ್ರೈವರುಗಳು ಬಾನೆಟ್ ಬಿಸಿಗೆ ಬೆಂದು, ಹೊಗೆ ಕುಡಿದು ನಿವೃತ್ತಿಯಾದವರು. ಅದಕ್ಕೇ ನಾನು ಎಲೆಕ್ಟ್ರಿಕ್ ಬಸ್ಸಿನ ವಿರೋಧಿ ಅಲ್ಲ. ಹೊಗೆ ಮೊದಲು ಹೋಗೋದು ಟ್ರಾಫಿಕ್ಕಲ್ಲಿ ನಿಂತವರ ಎದೆಗೆ. ಬೆಳಗ್ಗೆ ರಸ್ತೆ ಗುಡಿಸೋ ಪೌರಕಾರ್ಮಿಕರು, ಫುಟ್‌ಪಾತ್ ವ್ಯಾಪಾರಿಗಳು, ಆಟೋದವರು. ಅಂದ್ರೆ ನಾವೇ. ಹಸಿರು ಬೇಕು ಅಂತ ಮೊದಲು ಕೇಳಬೇಕಾದವರು ನಾವು. ಆದರೆ ಹಸಿರಿನ ಗಾಳಿ ನಮಗೆ, ಹಸಿರಿನ ದುಡ್ಡು ಅವರಿಗೆ ಅನ್ನೋ ಹಂಚಿಕೆ ಒಪ್ಪಲ್ಲ.

ಕಾನೂನು ಏನು ಹೇಳುತ್ತೆ? 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ (ಅದೂ ನಮ್ಮ ಕರ್ನಾಟಕದ್ದೇ) ಗುತ್ತಿಗೆ, ದಿನಗೂಲಿ ನೌಕರರು ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋಕೆ ಆಗಲ್ಲ ಎಂದಿತು. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಆದೇಶ ಮಾಡಿತು. ಒಳ್ಳೇದು, ಸ್ವಾಗತಿಸಿದ್ವಿ. ಆದರೆ ಎಲೆಕ್ಟ್ರಿಕ್ ಬಸ್ಸಿನ ಗುತ್ತಿಗೆಯಲ್ಲಿ ಸರ್ಕಾರ ಕೊಳ್ಳೋದು ಆಳುಗಳನ್ನಲ್ಲ, ಕಿಲೋಮೀಟರುಗಳನ್ನು. ನಾವು ಡ್ರೈವರ್ ಒದಗಿಸ್ತಿಲ್ಲ, ಸೇವೆ ಒದಗಿಸ್ತಿದ್ದೀವಿ ಅಂತ ಕಂಪನಿ ಕೈ ತೊಳೆದುಕೊಳ್ಳೋಕೆ ದಾರಿ ಇದೆ. ಆ ದಾರಿ ಮುಚ್ಚಬೇಕಾದರೆ ಟೆಂಡರಿನ ಷರತ್ತಿನಲ್ಲೇ ರೋಸ್ಟರ್ ಬರೀಬೇಕು.

ಟೆಂಡರ್ ಅಂದೆ. ಅಲ್ಲೂ ನಮಗೆ ಮೀಸಲಾತಿ ಇದೆ, ಗೊತ್ತಲ್ಲ? ಸರ್ಕಾರಿ ಕಾಮಗಾರಿಗಳಲ್ಲಿ ಎಸ್‌ಸಿಗೆ ಶೇಕಡಾ 17.15, ಎಸ್‌ಟಿಗೆ 6.95. ಅದಕ್ಕೊಂದು ಮಿತಿ. ಮೊದಲು 50 ಲಕ್ಷದ ತನಕದ ಕಾಮಗಾರಿ, 2023ರಲ್ಲಿ 1 ಕೋಟಿ ಮಾಡಿದರು. 2 ಕೋಟಿಗೆ ಏರಿಸೋ ಮಸೂದೆ 2025ರಲ್ಲಿ ಸದನದಲ್ಲಿ ಪಾಸಾದರೂ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು. ಈಗ ಒಂದು 12 ಮೀಟರ್ ಎಲೆಕ್ಟ್ರಿಕ್ ಬಸ್ಸಿನ ಬೆಲೆ ಎಷ್ಟು? ಒಂದು ಕೋಟಿ ದಾಟುತ್ತೆ. ಅಂದ್ರೆ ನಮಗೆ ಮೀಸಲಿಟ್ಟಿರೋ ಟೆಂಡರಿನ ಪೂರ್ತಿ ಮಿತಿಯಲ್ಲಿ ಒಂದು ಬಸ್ಸೂ ಬರಲ್ಲ. ಬಸ್ ಟೆಂಡರುಗಳು ಕರೆಯೋದು ನೂರಾರು, ಸಾವಿರಾರು ಬಸ್ಸುಗಳ ಲೆಕ್ಕದಲ್ಲಿ. ಚರಂಡಿ, ಸಿಮೆಂಟ್ ರಸ್ತೆ, ಕಾಂಪೌಂಡು ನಮಗೆ. ಮುಂದಿನ 12 ವರ್ಷ ತಿಂಗಳು ತಿಂಗಳು ದುಡ್ಡು ಬರೋ ಕೆಲಸ ಅವರಿಗೆ.

ದುಡ್ಡಿಲ್ವಾ ನಮ್ಮ ಹೆಸರಲ್ಲಿ? ಇದೆ. ನಮ್ಮ ಹೆಸರಲ್ಲಿ ಇರೋಷ್ಟು ದುಡ್ಡು ಯಾರ ಹೆಸರಲ್ಲೂ ಇಲ್ಲ ಅನ್ನೋ ಥರ ಬಜೆಟ್ ಪುಸ್ತಕ ಓದ್ತಾರೆ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಯೋಜನಾ ಹಣದಲ್ಲಿ ಶೇಕಡಾ 24.1 ನಮ್ಮ ಎರಡೂ ಸಮುದಾಯಗಳಿಗೆ. ದೇಶಕ್ಕೇ ಮಾದರಿ ಅಂದರು. ಅದರಲ್ಲಿ 7ಡಿ ಅಂತ ಒಂದು ತೂತು ಇತ್ತು, ಹೋರಾಟ ಮಾಡಿ ಮಾಡಿ 2023ರಲ್ಲಿ ಮುಚ್ಚಿಸಿದ್ವಿ. ಮುಚ್ಚಿದ ಅದೇ ವರ್ಷ ಅದೇ ನಿಧಿಯಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಅದರಲ್ಲಿ ಶಕ್ತಿ ಯೋಜನೆಯೂ ಸೇರಿದೆ.

ಇಲ್ಲಿ ನನ್ನನ್ನು ತಪ್ಪು ತಿಳೀಬೇಡಿ. 2023ರ ಜೂನ್ 11ರಂದು ಶಕ್ತಿ ಶುರುವಾದಾಗ ನಮ್ಮ ಮನೆಯಲ್ಲಿ ಹಬ್ಬ. ನನ್ನ ಹೆಂಡತಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಬಸ್ ಚಾರ್ಜ್ ಉಳಿದದ್ದು ಮಗಳ ಟ್ಯೂಷನ್ ಫೀಸಾಯ್ತು. ಶಕ್ತಿ ಬೇಡ ಅನ್ನೋರ ಜೊತೆ ನಾನು ಜಗಳಕ್ಕೇ ನಿಲ್ತೀನಿ. ಸಾವಿರಾರು ಹೆಣ್ಣುಮಕ್ಕಳು ಬಸ್ ಹತ್ತಿದರೆ ಅಷ್ಟು ಸ್ಕೂಟರು ಆಟೋ ರಸ್ತೆಗೆ ಇಳಿಯಲ್ಲ, ಅದಕ್ಕಿಂತ ಹಸಿರು ಯೋಜನೆ ಯಾವುದಿದೆ ಹೇಳಿ? ನನ್ನ ತಕರಾರು ಬೇರೆ. ಎಲ್ಲ ಜಾತಿಯ ಹೆಣ್ಣುಮಕ್ಕಳಿಗೂ ಕೊಡೋ ಸೌಲಭ್ಯವನ್ನು ಸರ್ಕಾರ ತನ್ನ ಸಾಮಾನ್ಯ ಖಜಾನೆಯಿಂದ ಕೊಡಲಿ. ನಮ್ಮ ನಿಧಿಯಿಂದ ನಮ್ಮ ಹೆಣ್ಣುಮಕ್ಕಳ ಟಿಕೆಟ್ಟನ್ನು ನಾವೇ ಕೊಂಡ ಹಾಗಾದರೆ ಅದು ಉಚಿತ ಹೇಗೆ? ಟಿಕೆಟ್ ಸಂಜೆಗೆ ಹರಿದು ಹೋಗುತ್ತೆ. ಅದೇ ದುಡ್ಡಲ್ಲಿ ಬಸ್ಸು ಕೊಂಡಿದ್ದರೆ ಹನ್ನೆರಡು ವರ್ಷ ದುಡೀತಿತ್ತು.

ಇನ್ನು ನಿಗಮದ ಕಾರು. ಐರಾವತ ಅಂತ ಬಂತು, ಎಸ್‌ಸಿ-ಎಸ್‌ಟಿ ಯುವಕರಿಗೆ ಟ್ಯಾಕ್ಸಿ ಕೊಳ್ಳೋಕೆ 5 ಲಕ್ಷದವರೆಗೆ ಸಹಾಯಧನ. ಆಮೇಲೆ ಸ್ವಾವಲಂಬಿ ಸಾರಥಿ, 4 ಲಕ್ಷದವರೆಗೆ. ಕಾರಿನ ಬಾನೆಟ್ಟಿಗೆ ರಿಬ್ಬನ್ ಕಟ್ಟಿ ಮಂತ್ರಿಗಳು ಕೀ ಕೊಡೋ ಫೋಟೋ ನೋಡಿದ್ದೀವಿ. ಎರಡು ವರ್ಷ ಆದ ಮೇಲೆ ಆ ಹುಡುಗರ ಫೋಟೋ ಯಾರೂ ತೆಗೆಯಲ್ಲ. ಉಳಿದ ಸಾಲದ ಕಂತು, ಇನ್ಶೂರೆನ್ಸು, ಡೀಸೆಲ್ಲು, ಆ್ಯಪ್ ಕಂಪನಿಯ ಕಮಿಷನ್. ನಮ್ಮ ನೆಂಟರ ಹುಡುಗನೊಬ್ಬ ಹಗಲು ರಾತ್ರಿ ಏರ್‌ಪೋರ್ಟ್ ಟ್ರಿಪ್ ಹೊಡೆದು ಕೊನೆಗೆ ಕಾರು ಮಾರಿ ಈಗ ಇನ್ನೊಬ್ಬರ ಕಾರು ಓಡಿಸ್ತಿದ್ದಾನೆ. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರೋ ಊರಿನ ರಸ್ತೆಗೆ ಇನ್ನೊಂದು ಕಾರು ಸೇರಿತು, ಹೊಗೆಯೂ ಕಮ್ಮಿ ಆಗಲಿಲ್ಲ, ಅವನ ಬಡತನವೂ ಕಮ್ಮಿ ಆಗಲಿಲ್ಲ.

ಇಲ್ಲೇ ಗುಮಾಸ್ತನ ಲೆಕ್ಕ ಒಂದು ಹೇಳ್ತೀನಿ. ಒಬ್ಬನಿಗೆ 4 ಲಕ್ಷ. ಮೂವತ್ತು ಜನರದ್ದು ಸೇರಿಸಿದರೆ 1 ಕೋಟಿ 20 ಲಕ್ಷ. ಬೇರೆ ಬೇರೆ ಕೊಟ್ಟರೆ ಮೂವತ್ತು ಕಾರು, ಮೂವತ್ತು ಸಾಲ, ಮೂವತ್ತು ಮನೆಯ ತಲೆನೋವು. ಒಟ್ಟಿಗೆ ಸೇರಿಸಿದರೆ ಒಂದು ದೊಡ್ಡ ಎಲೆಕ್ಟ್ರಿಕ್ ಬಸ್ಸು, ಅಥವಾ ಬ್ಯಾಂಕ್ ಸಾಲಕ್ಕೆ ಆಧಾರವಾಗಿ ಇಟ್ಟರೆ ಹಲವು ಮಿನಿ ಬಸ್ಸು. ಮೂವತ್ತು ಜನರ ಒಂದು ಸಹಕಾರ ಸಂಘ. ಅದರಲ್ಲೇ ಡ್ರೈವರುಗಳು, ಅದರಲ್ಲೇ ಮೆಕ್ಯಾನಿಕ್ಕುಗಳು, ಅದರಲ್ಲೇ ಲೆಕ್ಕ ಬರೆಯೋರು. ಬಿಎಂಟಿಸಿ ದೊಡ್ಡ ಕಂಪನಿಗೆ ಕಿಲೋಮೀಟರಿಗೆ ಏನು ಕೊಡುತ್ತೋ ಅದೇ ಕ್ರಮದಲ್ಲಿ ಈ ಸಂಘಕ್ಕೂ ಕೊಡಲಿ.

'ಕನಸು ಕಾಣ್ಬೇಡಪ್ಪ, ಸಹಕಾರ ಸಂಘ ಬಸ್ ಓಡಿಸೋಕಾಗುತ್ತಾ' ಅಂತ ಕೇಳ್ತೀರಿ. ಓಡಿಸಿದ್ದಾರೆ ಸ್ವಾಮಿ, ನಮ್ಮ ಕರ್ನಾಟಕದಲ್ಲೇ. ಚಿಕ್ಕಮಗಳೂರು ಜಿಲ್ಲೆ ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿ ನಿಂತುಹೋದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಕೆಲವೇ ಬಸ್ಸಿಂದ ಶುರುವಾದದ್ದು 70ಕ್ಕೂ ಹೆಚ್ಚು ಬಸ್ಸಿನವರೆಗೆ ಬೆಳೆಯಿತು. ಡ್ರೈವರೇ ಮಾಲೀಕ, ಕ್ಲೀನರೇ ಮಾಲೀಕ. ಮಲೆನಾಡಿನ ಮೂಲೆ ಹಳ್ಳಿಗಳಿಗೆ ಓಡಿಸಿದರು, ಶಾಲೆ ಮಕ್ಕಳಿಗೆ ರಿಯಾಯಿತಿ ಕೊಟ್ಟರು. ಸುಮಾರು ಮೂವತ್ತು ವರ್ಷ ನಡೆಸಿದರು.

2020ರಲ್ಲಿ ನಿಂತಿತು, ಅದನ್ನೂ ಹೇಳಬೇಕು. ಡೀಸೆಲ್ ಬೆಲೆ, ತೆರಿಗೆ, ಇನ್ಶೂರೆನ್ಸ್ ಏರಿ ಏರಿ, ಟಿಕೆಟ್ ದುಡ್ಡಲ್ಲಿ ಬಸ್ ನಡೆಸೋಕಾಗದೆ ನಿಂತಿತು. ಸಹಕಾರ ಅಂದ್ರೆ ಮುಳುಗೋದೇ ಅನ್ನೋರು ಇದನ್ನೇ ತೋರಿಸ್ತಾರೆ. ಆದರೆ ಒಂದು ಕ್ಷಣ ಯೋಚನೆ ಮಾಡಿ. ಕೊಪ್ಪದ ಕಾರ್ಮಿಕರಿಗೆ ಯಾರಾದರೂ ಕಿಲೋಮೀಟರಿಗೆ ಇಷ್ಟು ಅಂತ ಗ್ಯಾರಂಟಿ ಕೊಟ್ಟಿದ್ದರಾ? ಖಾಲಿ ಬಸ್ಸಿನ ನಷ್ಟವನ್ನು ಯಾರಾದರೂ ಹೊತ್ತಿದ್ದರಾ? ಡಿಪೋ ಜಾಗ ಕೊಟ್ಟಿದ್ದರಾ? ಬಸ್ ಕೊಳ್ಳೋಕೆ ಕೇಂದ್ರದ ಸಬ್ಸಿಡಿ ಬಂದಿತ್ತಾ? ಇಷ್ಟೂ ಸೌಲಭ್ಯ ಇವತ್ತು ಎಲೆಕ್ಟ್ರಿಕ್ ಬಸ್ ಕಂಪನಿಗಳಿಗೆ ಸಿಗ್ತಿದೆ. ಕಾರ್ಮಿಕರು ಏನೂ ಇಲ್ಲದೆ ಮೂವತ್ತು ವರ್ಷ ಓಡಿಸಿದರೆ ಅದು ಸೋಲು. ಕಂಪನಿ ಎಲ್ಲವನ್ನೂ ತಗೊಂಡು ಹನ್ನೆರಡು ವರ್ಷ ಓಡಿಸಿದರೆ ಅದು ದಕ್ಷತೆ. ಯಾವ ನ್ಯಾಯ ರೀ ಇದು?

ನನ್ನ ಇಡೀ ಪೋಸ್ಟಿನ ಮಾತು ಇಷ್ಟೇ. ಕಂಪನಿಗೆ ಕೊಡ್ತಿರೋ ಆ ಕಿಲೋಮೀಟರ್ ಗ್ಯಾರಂಟಿಯನ್ನು ನಮ್ಮ ಸಂಘಗಳಿಗೂ ಕೊಡಿ. ಭಿಕ್ಷೆ ಅಲ್ಲ, ಸಾಲಮನ್ನಾ ಅಲ್ಲ, ಅದೇ ಕರಾರು.

ಎಲ್ಲಿ ಓಡಿಸ್ತೀರಿ ಅಂದ್ರೆ, ನಮ್ಮ ಕಾಲೊನಿಗೆ ಬನ್ನಿ ತೋರಿಸ್ತೀನಿ. ಮೇನ್ ರೋಡಿನ ಸ್ಟಾಪಿಂದ ಒಳಗೆ ಎರಡು ಕಿಲೋಮೀಟರ್. ದೊಡ್ಡ ಬಸ್ಸು ಆ ಗಲ್ಲಿಯಲ್ಲಿ ತಿರುಗಲ್ಲ. ಆಟೋದವರು ಬರಲ್ಲ, ಬಂದರೆ ಅರವತ್ತು ಎಂಬತ್ತು ಕೇಳ್ತಾರೆ. ಬೆಳಗಿನ ಜಾವ ಕೆಲಸಕ್ಕೆ ಹೋಗೋ ಪೌರಕಾರ್ಮಿಕ ಹೆಣ್ಣುಮಕ್ಕಳು ಕತ್ತಲಲ್ಲಿ ನಾಯಿಗಳ ಮಧ್ಯೆ ನಡೀತಾರೆ. ಗಾರ್ಮೆಂಟ್ಸಿಂದ ರಾತ್ರಿ ಬರೋರದ್ದೂ ಅದೇ ಕಥೆ. ಶಕ್ತಿಯಲ್ಲಿ ಮೆಜೆಸ್ಟಿಕ್‌ವರೆಗೆ ಉಚಿತ, ಮನೆಯಿಂದ ಸ್ಟಾಪಿಗೆ ಮಾತ್ರ ಕಾಲೇ ಗತಿ. ನಡೆದು ಸಾಕಾಗಿ ಕಂತಿನಲ್ಲಿ ಸ್ಕೂಟರ್ ತಗೊಂಡವರು ಎಷ್ಟು ಜನ! ಈ ಎರಡು ಕಿಲೋಮೀಟರಿಗೆ ಒಂದು ಚಿಕ್ಕ ಎಲೆಕ್ಟ್ರಿಕ್ ಬಸ್ಸು ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓಡಲಿ. ಕಾಲೊನಿಯ ಹುಡುಗ ಹುಡುಗಿಯರೇ ಓಡಿಸಲಿ. ಸಮುದಾಯ ಭವನದ ಪಕ್ಕ ಖಾಲಿ ಬಿದ್ದಿರೋ ಜಾಗದಲ್ಲಿ ಚಾರ್ಜ್ ಆಗಲಿ. ಆ ಬಸ್ಸಿನ ಸಂಬಳ ಸಂಜೆ ನಮ್ಮ ಬೀದಿಯ ಅಂಗಡಿಯಲ್ಲೇ ಖರ್ಚಾಗುತ್ತೆ. ಆವತ್ತಿನ ಸ್ಲೈಡಿನಲ್ಲಿ ಬರೆದಿದ್ದ ಸ್ಥಳೀಯ ಆದಾಯ ಅಂದ್ರೆ ಇದೇ ತಾನೇ?

'ಸರ್ಕಾರದ ಹತ್ರ ದುಡ್ಡಿಲ್ಲ' ಅನ್ನೋರಿಗೆ ಒಂದೇ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಸುರಂಗ ಕೊರೆಯೋಕೆ ಸುಮಾರು 17 ಸಾವಿರ ಕೋಟಿಯ ಲೆಕ್ಕ ಹಾಕಿದ್ದಾರೆ. ಹದಿನೇಳು ಕಿಲೋಮೀಟರೂ ಇಲ್ಲ, ಅದೂ ಟೋಲ್ ಕೊಟ್ಟು ಕಾರಲ್ಲಿ ಹೋಗೋರಿಗೆ. ಕಾರಿನವರಿಗೆ ಬಂದಾಗ ದುಡ್ಡು ಹುಟ್ಟುತ್ತೆ, ಬಸ್ಸಿನವರಿಗೆ ಬಂದಾಗ ಬತ್ತಿಹೋಗುತ್ತೆ.

'ಗುತ್ತಿಗೆ ಇನ್ನು ಹೋಗಲ್ಲ, ಕಾಲ ಬದಲಾಗಿದೆ' ಅನ್ನೋರಿಗೆ ಪೌರಕಾರ್ಮಿಕರನ್ನು ತೋರಿಸ್ತೀನಿ. ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ಸಂಬಳವಿಲ್ಲದೆ ನರಳಿದವರು ಅವರು. ಬೀದಿಗೆ ಇಳಿದರು, ಪೊರಕೆ ಕೆಳಗಿಟ್ಟರು. 2025ರ ಮೇ 1ರಂದು ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಕಸ ಗುಡಿಸೋ ತಾಯಂದಿರು ಮಾಡಿ ತೋರಿಸಿದ್ದನ್ನು ಸ್ಟೀರಿಂಗ್ ಹಿಡಿಯೋ ಹುಡುಗರು ಮಾಡೋಕಾಗಲ್ವಾ?

ಕೊನೆಗೆ ನಮ್ಮವರಿಗೂ ಎರಡು ಮಾತು, ಕೋಪ ಮಾಡ್ಕೋಬೇಡಿ. ಬಸ್ ಸ್ಟ್ಯಾಂಡಿಗೆ ಬಾಬಾಸಾಹೇಬರ ಹೆಸರಿಡಿ ಅಂತ ನಾವು ಮನವಿ ಕೊಟ್ಟಷ್ಟು, ಆ ಸ್ಟ್ಯಾಂಡಿಗೆ ಬರೋ ಬಸ್ಸು ಯಾರದು ಅಂತ ಕೇಳಿಲ್ಲ. ನಿಗಮದ ಪಟ್ಟಿಯಲ್ಲಿ ನಮ್ಮ ಹುಡುಗನ ಹೆಸರು ಸೇರಿಸೋಕೆ ಎಂಎಲ್‌ಎ ಮನೆ ಮುಂದೆ ನಿಂತಷ್ಟು, ಆ ಪಟ್ಟಿಯೇ ಯಾಕೆ ಹೀಗಿದೆ ಅಂತ ಕೇಳೋಕೆ ನಿಂತಿಲ್ಲ. ನಾನೂ ಸೇರಿ. ಒಳಮೀಸಲಾತಿಯ ಜಗಳದಲ್ಲಿ ಎಡಗೈ ಬಲಗೈ ಅಂತ ಅಣ್ಣತಮ್ಮಂದಿರು ಮಾತು ಬಿಟ್ಟು ಕೂತಿದ್ದೀವಿ. ಆ ಹಂಚಿಕೆ ನ್ಯಾಯವಾಗಿ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೊಟ್ಟಿ ಹಂಚೋ ಜಗಳದಲ್ಲಿ ನಾವಿದ್ದಾಗ ಹೆಂಚನ್ನೇ ಬೇರೆಯವರು ಹೊತ್ತುಕೊಂಡು ಹೋಗ್ತಿದ್ದಾರೆ. ಅದೂ ಕಣ್ಣಿಗೆ ಬೀಳಬೇಕಲ್ವಾ?

ನಾವು ಕೇಳಬೇಕಾದ್ದು ಇಷ್ಟು:

1. ಮುಂದೆ ಬರೋ ಎಲೆಕ್ಟ್ರಿಕ್ ಬಸ್ ಟೆಂಡರುಗಳಲ್ಲಿ ಒಂದು ಪಾಲನ್ನು ಹತ್ತು, ಇಪ್ಪತ್ತು ಬಸ್ಸಿನ ಚಿಕ್ಕ ಚಿಕ್ಕ ಭಾಗ ಮಾಡಿ ಎಸ್‌ಸಿ-ಎಸ್‌ಟಿ ಸಹಕಾರ ಸಂಘಗಳಿಗೆ, ಮಹಿಳಾ ಸಂಘಗಳಿಗೆ, ಸಾರಿಗೆ ಕಾರ್ಮಿಕರ ಸಂಘಗಳಿಗೆ ಮೀಸಲಿಡಬೇಕು. ಕಂಪನಿಗೆ ಇರೋ ಕಿಲೋಮೀಟರ್ ಗ್ಯಾರಂಟಿ ಇವರಿಗೂ ಇರಬೇಕು.

2. ಉಳಿದ ಗುತ್ತಿಗೆಗಳಲ್ಲಿ ಡ್ರೈವರ್, ಮೆಕ್ಯಾನಿಕ್ ನೇಮಕಕ್ಕೆ ರೋಸ್ಟರ್ ಅನ್ನೋದನ್ನು ಷರತ್ತಾಗಿ ಬರೀಬೇಕು. ಸಂಬಳ ತಡವಾದ ತಿಂಗಳು ಕಂಪನಿಯ ಬಿಲ್ಲೂ ತಡೆಹಿಡೀಬೇಕು. ಪಿಎಫ್, ಇಎಸ್‌ಐ ಕಟ್ಟಿದ ಲೆಕ್ಕ ಡಿಪೋ ಬೋರ್ಡಿನಲ್ಲಿ ಹಾಕಬೇಕು.

3. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಟಿಕೆಟ್ಟಿಗೆ ಹೋಗೋದು ನಿಲ್ಲಬೇಕು. ಶಕ್ತಿ ಸಾಮಾನ್ಯ ಬಜೆಟ್ಟಿಂದ ನಡೆಯಲಿ. ನಮ್ಮ ನಿಧಿಯಿಂದ ನಮ್ಮ ಸಂಘಗಳ ಹೆಸರಲ್ಲಿ ಬಸ್ಸು, ಚಾರ್ಜಿಂಗ್ ಜಾಗ, ವರ್ಕ್‌ಶಾಪ್ ಆಗಲಿ.

4. ಸ್ವಾವಲಂಬಿ ಸಾರಥಿಯಲ್ಲಿ ಒಬ್ಬೊಬ್ಬರಿಗೆ ಕಾರು ಕೊಡೋದರ ಜೊತೆಗೆ, ಹತ್ತು ಮೂವತ್ತು ಜನ ಸೇರಿ ಬಸ್ ಕೊಳ್ಳೋ ಅವಕಾಶ ಇರಬೇಕು.

5. ಸರ್ಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಕ್ ವಾಹನದ ರಿಪೇರಿ ತರಬೇತಿ, ಹೆಣ್ಣುಮಕ್ಕಳಿಗೆ ಹೆವಿ ಲೈಸೆನ್ಸ್ ತರಬೇತಿ ಸ್ಟೈಪೆಂಡ್ ಸಮೇತ ಆಗಬೇಕು. ಡೀಸೆಲ್ ಬಸ್ಸುಗಳ ಜೊತೆಗೇ ಹಳೇ ಮೆಕ್ಯಾನಿಕ್ಕುಗಳನ್ನೂ ಗುಜರಿಗೆ ಹಾಕಬೇಡಿ, ಅವರಿಗೂ ಕಲಿಸಿ.

6. ಹಳೇ ಬ್ಯಾಟರಿಗಳು ಗುಜರಿ ಆಯೋ ನಮ್ಮ ಮಕ್ಕಳ ಬರಿಗೈಗೆ ಬರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ತಗೊಳ್ಳೋ ಹೊಣೆ ತಯಾರಕರದ್ದು. ಅದನ್ನು ಕಟ್ಟುನಿಟ್ಟಾಗಿ ಮಾಡಿಸಬೇಕು.

ಇದರಲ್ಲಿ ಆಗದೇ ಇರೋದು ಯಾವುದು ಹೇಳಿ. ಬಸ್ಸು ಹೇಗೂ ಬರ್ತಿದೆ, ದುಡ್ಡು ಹೇಗೂ ಖರ್ಚಾಗ್ತಿದೆ, ಡಿಪೋ ಹೇಗೂ ಇದೆ. ಬದಲಾಗಬೇಕಾದ್ದು ಕರಾರು ಪತ್ರದಲ್ಲಿ ಸಹಿ ಹಾಕೋರ ಹೆಸರು ಮಾತ್ರ.

ಒಮ್ಮೆ 12 ವರ್ಷಕ್ಕೆ ಸಹಿ ಬಿದ್ದರೆ ಮುಗೀತು. ಈಗ ಹದಿನೆಂಟು ತುಂಬಿರೋ ನಮ್ಮ ಹುಡುಗನಿಗೆ ಆಗ ಮೂವತ್ತು ಆಗಿರುತ್ತೆ. ಅದಕ್ಕೇ ಈ ಆತುರ.

ಸಾರಿಗೆಯಲ್ಲಿ ಕೆಲಸ ಮಾಡೋರು, ಮಾಡಿ ನಿವೃತ್ತಿ ಆದೋರು, ಗುತ್ತಿಗೆಯಲ್ಲಿ ಬಸ್ ಓಡಿಸ್ತಿರೋರು ನಿಮ್ಮ ಅನುಭವ ಬರೀರಿ. ಹೆಸರು ಹಾಕೋಕೆ ಭಯ ಇದ್ದರೆ ಇನ್‌ಬಾಕ್ಸಿಗೆ ಹಾಕಿ, ಹೆಸರಿಲ್ಲದೆ ನಾನು ಹಾಕ್ತೀನಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ, ಬೇಜಾರಿಲ್ಲ. ನಿಮ್ಮೂರ ಸಂಘಟನೆಯ ಮುಂದಿನ ಸಭೆಯಲ್ಲಿ ಈ ಆರು ಬೇಡಿಕೆ ಓದಿ, ಮನವಿ ಬರೆದು ನಿಮ್ಮ ಎಂಎಲ್‌ಎಗೆ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳೋದು ಮರೀಬೇಡಿ. ಗುಮಾಸ್ತನ ಬುದ್ಧಿ, ಏನ್ ಮಾಡೋದು.

ಚಾಳೀಸ್‌ಗಾಂವ್‌ನಲ್ಲಿ ಆವತ್ತು ಲಗಾಮು ಹಿಡಿದ ನಮ್ಮವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಕಲಿಯೋಕೆ ಅವನಿಗೆ ಒಂದು ಗಾಡಿ ಇರಲಿಲ್ಲ ಅಷ್ಟೇ. ತೊಂಬತ್ತು ವರ್ಷದ ಮೇಲಾಯ್ತು. ಈಗಲಾದರೂ ಗಾಡಿ ನಮ್ಮದಾಗಲಿ.

ಜೈ ಭೀಮ್.